ಪಡುವಣ ಮಗ್ಗುಲಿನ ಎಲೆ

"ಗಂಡನ್ನೇ ನುಂಗಿ ನೀರು ಕುಡಿದ ಮುಂಡೆ ನೀನು, ನನ್ನ ತೋಟ ಬಿಡ್ತೀಯಾ?" ಎಂದು ಧಣಿ ಅವಳ ಕಾಲ ಬಳಿ ಒಂದು ಗೊಂಚಲು ಎಸೆದ.

ವೈನಿಗೆಂದು ಬೆಳೆಸಿದ ಕಪ್ಪು ದ್ರಾಕ್ಷಿ. ಒಂದು ಮಗ್ಗುಲು ದುಂಡಗಿತ್ತು. ಇನ್ನೊಂದು ಮಗ್ಗುಲು ಬೆಂದು, ಕಂದಿ, ಸುಕ್ಕುಗಟ್ಟಿತ್ತು. ಅವಳು ನೋಡಿದಳು. ಏನೂ ಅನ್ನಿಸಲಿಲ್ಲ. ಒಂದು ವರ್ಷದಿಂದ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ.

ಹದಿನೈದು ದಿನದ ಹಿಂದೆ ಮೋಡ ಕವಿದಿತ್ತು. ಗಾಳಿಯಾಡದೆ ಗೊಂಚಲಿಗೆ ಬೂಷ್ಟು ಹಿಡಿದೀತೆಂದು ಧಣಿ ಎಲೆ ಕೀಳಿಸಲು ಹೊರಟ. ಎಲೆ ಕೀಳುವುದು ಸರಿಯೇ, ಆದರೆ ಮೂಡಣ ಮಗ್ಗುಲಲ್ಲಿ ಮಾತ್ರ. ಬೆಳಗಿನ ಬಿಸಿಲು ಹಣ್ಣಿಗೆ ತಾಯಿ, ಮಧ್ಯಾಹ್ನದ ಬಿಸಿಲು ಮಲತಾಯಿ.

"ಪಡುವಣದ ಎಲೆ ಬಿಡೋಣ ಧಣಿ. ಮೋಡ ಸರಿದ್ರೆ ಸುಟ್ಟೋಗತ್ತೆ," ಎಂದಿದ್ದಳು.

"ನೀನೇನು ಮೋಡದ ಮನೆ ಸೊಸೇನಾ? ಎರಡೂ ಕಡೆ ಬೋಳಿಸು."

ಬೋಳಿಸಿದರು. ಹನ್ನೆರಡು ಹೆಂಗಸರು, ಮೂರು ದಿನ. ಕೊನೆಯ ಸಾಲಿಗೆ ಬರುವಾಗ ಸಂಜೆಯಾಗಿತ್ತು. ಅವಳು ಅದರ ಮೂಡಣ ಮಗ್ಗುಲು ಮುಗಿಸಿ ಪಡುವಣ ಮಗ್ಗುಲಿಗೆ ಬಂದಳು. ಕೈ ಏಳಲಿಲ್ಲ. ಹಣ್ಣಿನ ಮೇಲಿನ ಕನಿಕರವೇನಲ್ಲ, ಕೈ ಏಳಲಿಲ್ಲ ಅಷ್ಟೆ. ಮನೆಗೆ ಹೋದಳು.

ಮರುದಿನ ಮೋಡ ಒಡೆಯಿತು. ಆಮೇಲೆ ಐದು ದಿನ ನೆಲ ಕಾದ ಬಾಣಲೆ.

ಈವತ್ತು ವೈನ್ ಕಾರ್ಖಾನೆಯ ಸಾಹೇಬ ಹಣ್ಣು ನೋಡಲು ಬರುವವನಿದ್ದ. ಪಡುವಣದ ಎಲೆ ಮುಟ್ಟಬಾರದೆಂದು ಕಾರ್ಖಾನೆಯವರೇ ಬರೆದು ಕಳಿಸಿದ್ದರು. ಧಣಿ ಓದಿರಲಿಲ್ಲ. ತಪ್ಪು ಅವನದೆಂದಾದರೆ ಕಾರ್ಖಾನೆ ಇನ್ನು ಈ ತೋಟದತ್ತ ತಲೆ ಹಾಕುವುದಿಲ್ಲ.

"ಧಣಿ ಬೇಡ ಅಂದ್ರೂ ನಾನೇ ಕಿತ್ತೆ ಅಂತ ಸಾಹೇಬ್ರ ಮುಂದೆ ಹೇಳು. ಹೇಳಿದ್ರೆ ನೀವಿರೋ ತೋಟದ ರೂಮು ನಿಂದು. ಇಲ್ಲಾಂದ್ರೆ ನಾಳೆ ನಿನ್ನ ಅತ್ತೇನ ಹೊತ್ಕೊಂಡು ನಡಿ."

ಹೋದ ಕೊಯ್ಲಿನಲ್ಲೂ ಇದೇ ಮಾತು. ಗಂಡ ನಡುಮಧ್ಯಾಹ್ನ ಬುಟ್ಟಿ ಹೊತ್ತು ಬಿದ್ದು ಸತ್ತಾಗ, ಅವನು ಕುಡಿದು ಬಂದಿದ್ದ ಎಂಬ ಕಾಗದಕ್ಕೆ ಅವಳು ಹೆಬ್ಬೆಟ್ಟು ಒತ್ತಿದ್ದಳು. ಅವನು ಒಂದು ಹನಿ ಮುಟ್ಟಿದವನಲ್ಲ. ರೂಮು ಉಳಿಯಿತು.

ಊಟಕ್ಕೆ ಹೋದಾಗ, ಕಾಲು ಸ್ವಾಧೀನ ತಪ್ಪಿದ ಅತ್ತೆ ಮಂಚದಿಂದಲೇ ಕೇಳಿದಳು, "ಏನಂತೆ ಆ ಹಂದಿ?"

ಹೇಳಿದಳು.

ಅತ್ತೆ ಗೋಡೆ ಕಡೆ ತಿರುಗಿದಳು. "ಹೋದ್ಸಲ ನನ್ನ ಮಗನ್ನ ಕುಡುಕ ಮಾಡಿದ್ವಿ. ಈ ಸಲ ನಿನ್ನ ದಡ್ಡಿ ಮಾಡೋಣ. ಒಂದು ಕಿಟಕಿ ಕೂಡ ಇಲ್ಲ ಈ ಸೂಳೆಮಗನ ರೂಮಿಗೆ."

"ಏನ್ಮಾಡ್ಲಿ ಅತ್ತೆ?"

"ನನ್ನ ಕೇಳ್ಬೇಡ. ನಡೆಯೋ ಕಾಲು ನಿಂದು."

ಸಾಹೇಬ ಎರಡೂವರೆಗೆ ಬಂದ. ಬೆಂದ ಗೊಂಚಲುಗಳನ್ನು ಪೆನ್ನಿನ ತುದಿಯಿಂದ ಎತ್ತಿ ನೋಡಿದ. "ಯಾರು ಮಾಡಿದ್ದು ಇದು?"

ಧಣಿ ಅವಳ ಭುಜ ಹಿಡಿದು ಮುಂದೆ ತಳ್ಳಿದ.

"ಎರಡೂ ಕಡೆ ಬೋಳಿಸು ಅಂದ್ರು. ಬೋಳಿಸಿದೆ."

"ಯಾರು ಅಂದಿದ್ದು?"

"ಧಣಿ."

ಧಣಿ ನಕ್ಕ. "ಸುಳ್ಳು ಬೊಗಳ್ತಾಳೆ ಸಾರ್. ಗಂಡ ಕುಡಿದು ಸತ್ತ ಮೇಲೆ ತಲೆ ನೆಟ್ಟಗಿಲ್ಲ. ಬನ್ನಿ, ಕೊನೇ ಸಾಲು ನೋಡಿ. ಅದೊಂದು ನಾನೇ ಎದುರಿಗೆ ನಿಂತು ಮಾಡಿಸಿದ್ದು."

ಆ ಸಾಲಿನಲ್ಲಿ ಪಡುವಣದ ಎಲೆ ಹಾಗೇ ಇತ್ತು. ಅದರ ಹಿಂದೆ ಹಣ್ಣು ತಣ್ಣಗೆ, ತುಂಬಿಕೊಂಡು ನೇತಾಡುತ್ತಿತ್ತು. ಸಾಹೇಬ ಒಂದು ಕಿತ್ತು ಬಾಯಿಗೆ ಹಾಕಿಕೊಂಡ. ಹಣ್ಣಿನ ಹದ ತಿಳಿಯಲು ಬೀಜ ಅಗಿದು ನೋಡಿದ. ತಲೆಯಾಡಿಸಿದ.

"ನಿಮಗೆ ಕೆಲಸ ಗೊತ್ತು ಬಿಡಿ. ಆಳುಗಳನ್ನ ಸ್ವಲ್ಪ ನೋಡ್ಕೊಳ್ಳಿ," ಎಂದು ಖರೀದಿ ಬರೆಯಲು ಪುಸ್ತಕ ತೆಗೆದ.

ಅವಳು ಇಬ್ಬರ ನಡುವಿನಿಂದ ನಡೆದು ಹೋಗಿ ಮೊದಲ ಬಳ್ಳಿಯ ಎಲೆ ಕಿತ್ತಳು. ಇನ್ನೊಂದು ಕಿತ್ತಳು. ತೊಟ್ಟು ಹಿಡಿದು, ಕೆಳಕ್ಕೆ ತಿರುವಿ, ಗೊಂಚಲಿಗೆ ಕೈ ತಾಗದ ಹಾಗೆ. ಅಚ್ಚುಕಟ್ಟಾದ ಕೆಲಸ.

"ಏಯ್, ಏನ್ ಮಾಡ್ತಿದೀಯೇ?"

"ಈ ಸಾಲು ಬಿಟ್ಟೋಗಿತ್ತು ಧಣಿ," ಎಂದಳು, ತಿರುಗದೆ. "ನೀವು ಹೇಳಿದ ಕೆಲಸ."

ಸಾಹೇಬ ಬರೆಯುವುದನ್ನು ನಿಲ್ಲಿಸಿದ. ಸಾಲಿನ ಆ ತುದಿಯಲ್ಲಿ ಇನ್ನೊಬ್ಬ ಹೆಂಗಸು ಬುಟ್ಟಿ ಇಳಿಸಿ ಎಲೆಗೆ ಕೈ ಹಾಕಿದಳು. ಯಾರ ಕಡೆ ಓಡಬೇಕೆಂದು ತಿಳಿಯದೆ ಧಣಿ ನಡುವೆ ನಿಂತ. ಗಂಟೆ ಮೂರು. ಬಿಸಿಲು ಒಂದೊಂದೇ ಗೊಂಚಲಿನ ಮೇಲೆ ಬೀಳತೊಡಗಿತು.