ತಣ್ಣನೆಯ ಸಾರು

ಬೇಸಿಗೆ ಕೋರ್ಸಿಗೆ ಬರುವ ವಿದೇಶಿ ಹುಡುಗಿಯೊಬ್ಬಳನ್ನು ಮನೆಯಲ್ಲಿ ಇರಿಸಿಕೊಳ್ಳುತ್ತೇನೆಂದು ನಮ್ಮತ್ತೆ ಒಪ್ಪಿಕೊಂಡು ಬಂದ ದಿನ ನನಗೆ ಸಿಟ್ಟು ನೆತ್ತಿಗೇರಿತ್ತು. ಮನೆಯಲ್ಲಿರುವುದು ನಾವಿಬ್ಬರೇ ಹೆಂಗಸರು. ಬೆಳಗಾದರೆ ನಾನು ಬಂದರಿನ ಪಕ್ಕದ ಶೆಡ್ಡಿನಲ್ಲಿ ಮೀನು ಒಣಗಿಸಲು ಹೋಗಬೇಕು. ಅತ್ತೆಗೆ ಮಂಡಿನೋವು. ಈ ನಡುವೆ ಯಾರದೋ ಮಗಳ ಊಟ, ಹಾಸಿಗೆ ನೋಡಿಕೊಳ್ಳುವವರು ಯಾರು?

ಬಂದವಳು ಮಾಗ್ದಾ, ಪೋಲೆಂಡಿನವಳು. ನಮ್ಮ ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರ. ನಮ್ಮ ಜಪಾನಿ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದ ಕಾರಣ ಪಕ್ಕದ ಮನೆಯ ಬೆಕ್ಕನ್ನೂ ದೊಡ್ಡವರನ್ನು ಮಾತಾಡಿಸುವ ಹಾಗೆ ಮಾತಾಡಿಸುತ್ತಿದ್ದಳು.

"ತಾವು ಮೀನು ಸೇವಿಸಿದಿರಾ?" ಎಂದು ಅವಳು ಬೆಕ್ಕನ್ನು ಕೇಳಿದ ದಿನ ಅತ್ತೆ ಸೊಂಟ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ನನ್ನ ಸಿಟ್ಟು ಅವತ್ತೇ ಇಳಿಯಿತು.

ಮಧ್ಯಾಹ್ನದವರೆಗೆ ತರಗತಿ, ಆಮೇಲೆಲ್ಲ ಅವಳು ಅತ್ತೆಯ ಬೆನ್ನ ಹಿಂದೆ. ಹತ್ತಿಯ ಕಿಮೋನೊ ಉಡಲು ಕಲಿತಳು, ಬದನೆ ಉಪ್ಪಿನಲ್ಲಿ ಹಾಕಲು ಕಲಿತಳು, ಹಬ್ಬದ ಕುಣಿತಕ್ಕೆ ಕೈ ತಿರುಗಿಸಲು ಕಲಿತಳು. ಮೂರನೆಯ ದಿನವೇ ಅವಳ ಕಣ್ಣು ಶುಂಜಿಯ ತಟ್ಟೆಯ ಮೇಲೆ ಬಿತ್ತು.

ಶುಂಜಿ ನನ್ನ ಗಂಡ. ಟ್ಯೂನಾ ಹಿಡಿಯುವ ದೋಣಿಯಲ್ಲಿ ಹೋದವರು ಮರಳಿರಲಿಲ್ಲ. ದೋಣಿಯೂ ಸಿಗಲಿಲ್ಲ, ಜನರೂ ಸಿಗಲಿಲ್ಲ. ಜೊತೆಗೆ ಹೋದ ಉಳಿದವರ ಮನೆಗಳಲ್ಲಿ ಆಗಲೇ ಉತ್ತರಕ್ರಿಯೆಗಳು ಮುಗಿದಿದ್ದವು. ನಮ್ಮ ಮನೆಯಲ್ಲಿ ಮಾತ್ರ ಮೂರು ವರ್ಷದಿಂದ ರಾತ್ರಿ ಊಟದ ಹೊತ್ತಿಗೆ ಅವರಿಗೂ ಒಂದು ತಟ್ಟೆ. ದೂರ ಹೋದವರು ಕ್ಷೇಮವಾಗಿರಲಿ ಎಂದು ಹೀಗೆ ಬಡಿಸಿಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಅನ್ನ, ಮೀನು, ಮುಚ್ಚಳ ಹಾಕಿದ ಬಟ್ಟಲಲ್ಲಿ ಹುದುಗಿಸಿದ ಸೋಯಾದ ಮಿಸೊ ಸಾರು. ನಮ್ಮ ಊಟ ಮುಗಿದ ಮೇಲೆ ಅತ್ತೆ ಆ ಮುಚ್ಚಳ ಎತ್ತಿ ಒಳಗಡೆ ನೋಡುತ್ತಾರೆ. ನೀರಹನಿ ಕಟ್ಟಿದ್ದರೆ ಹೋದವರು ಬದುಕಿದ್ದಾರೆ ಎಂದು ಅರ್ಥ.

"ನೋಡೇ ಚಿಹಾರು, ಬೆವರಿದೆ," ಅನ್ನುತ್ತಿದ್ದರು ನನಗೆ.

"ಹೌದು ಅತ್ತೆ," ಅನ್ನುತ್ತಿದ್ದೆ ನಾನು.

ಬೆವರದೆ ಏನು ಮಾಡೀತು? ಕೊತಕೊತ ಕುದಿಯುವುದನ್ನೇ ಬಟ್ಟಲಿಗೆ ಸುರಿಯುತ್ತಿದ್ದವಳು ನಾನು. ಮುದುಕಿಯ ಉಸಿರು ಆ ಹನಿಗಳ ಮೇಲೆ ನಿಂತಿದೆ, ನಿಲ್ಲಲಿ ಎಂದುಕೊಂಡಿದ್ದೆ. ನನಗೆ ಅಂಥ ಆಸೆಯೇನೂ ಇಲ್ಲವೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

"ಶುಂಜಿಯವರು ಎಲ್ಲಿದ್ದಾರೆ ಅಮ್ಮನವರೇ?" ಎಂದು ಮಾಗ್ದಾ ಕೇಳಿದಾಗ ಅತ್ತೆ "ಕಡಲಲ್ಲಿದ್ದಾನೆ" ಎಂದರು. ಅದು ಸುಳ್ಳೂ ಅಲ್ಲ. ಹುಡುಗಿ ಮತ್ತೆ ಕೇಳಲಿಲ್ಲ. ಮರುದಿನದಿಂದ ಆ ತಟ್ಟೆಯ ಪಕ್ಕ ಚಾಪ್‌ಸ್ಟಿಕ್ ಜೋಡಿಸುವ ಕೆಲಸವನ್ನು ತಾನೇ ವಹಿಸಿಕೊಂಡಳು. ಜೋಡಿಸಿ, ಬಾಗಿ, "ದಯವಿಟ್ಟು ಊಟ ಮಾಡಿ" ಅನ್ನುತ್ತಿದ್ದಳು.

ಆಗಸ್ಟಿನಲ್ಲಿ ಸತ್ತವರು ಮನೆಗೆ ಬರುವ ಒಬೊನ್ ಹಬ್ಬ. ಅದರ ಹಿಂದಿನ ದಿನ ಸೆಕೆ ಹೇಗಿತ್ತೆಂದರೆ ಶೆಡ್ಡಿನಲ್ಲಿ ಇಬ್ಬರು ತಲೆ ಸುತ್ತಿ ಬಿದ್ದರು, ನಮ್ಮನ್ನೆಲ್ಲ ಬೇಗ ಮನೆಗೆ ಕಳಿಸಿದರು. ಬಂದು ನೋಡಿದರೆ ಮಧ್ಯಾಹ್ನದ ಊಟ ಮುಗಿಯುತ್ತಿತ್ತು. ಅತ್ತೆಗೂ ಸುಸ್ತಾಗಿ ಮಾಗ್ದಾಳೇ ಅಡುಗೆ ಮಾಡಿದ್ದಳು. ತರಗತಿಯಲ್ಲಿ ಹೊಸದಾಗಿ ಕಲಿತದ್ದು: ಸೌತೆಕಾಯಿ, ಎಳ್ಳು, ಮಿಸೊ ಕದಡಿ ಐಸ್ ಹಾಕಿದ ತಣ್ಣನೆಯ ಸಾರು. ಹೆಮ್ಮೆಯಿಂದ ಅವಳ ಮುಖ ಕೆಂಪಾಗಿತ್ತು.

"ಅಕ್ಕನವರೇ, ಇಂದು ರಾತ್ರಿಯವರೆಗೆ ಕಾಯದೆ ಶುಂಜಿಯವರಿಗೂ ಇದನ್ನೇ ಬಡಿಸಿದ್ದೇನೆ."

ನಾನು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ಮುಚ್ಚಳ ಎತ್ತಿಯಾಗಿತ್ತು. ಒಳಗೆ ಒಣಗಿತ್ತು. ಅವರು ಬೆರಳಿನಿಂದ ಒರೆಸಿ ನೋಡಿದರು, ಬೆರಳನ್ನೂ ನೋಡಿದರು.

"ತಣ್ಣಗಿರೋ ಸಾರು ಅತ್ತೆ. ಹನಿ ಎಲ್ಲಿಂದ ಬರಬೇಕು?" ಎಂದೆ. ಬಟ್ಟಲಿಗೆ ಕೈ ಚಾಚಿದೆ. "ತಡೀರಿ, ನಾನು ಈಗಲೇ ಬಿಸಿ ಮಾಡಿ ತರ್ತೀನಿ."

"ಕೂತ್ಕೊ."

"ಒಂದೇ ನಿಮಿಷ ಅತ್ತೆ."

"ಕೂತ್ಕೊ ಅಂದೆನಲ್ಲ. ಬಿಸಿ ಹಾಕಿದ್ರೆ ಬೆವರುತ್ತೆ ಅಂತ ನಂಗೊತ್ತಿಲ್ವಾ? ನಿನಗಿಂತ ಮುಂಚೆ ಸಾರು ಕಾಯಿಸಿದೋಳು ನಾನು. ನೀನು ದಿನಾ ಕುದಿಯೋದನ್ನ ತಂದು ಸುರೀತಿದ್ದೆ. ಪಾಪ, ಇವಳಿಗಿನ್ನೂ ಆಸೆ ಇದೆ, ಮುರಿಯೋದು ಬೇಡ ಅಂತ ನಾನೂ ದಿನಾ ಬೆವರಿದೆ ಬೆವರಿದೆ ಅಂತಿದ್ದೆ."

ಅವರಿಗಾಗಿ ನಾನು, ನನಗಾಗಿ ಅವರು. ಹಾಗಾದರೆ ಈ ಮನೆಯಲ್ಲಿ ಶುಂಜಿ ಬರುತ್ತಾರೆಂದು ನಂಬಿದವರು ಯಾರೂ ಇರಲಿಲ್ಲವೇ? ಇದ್ದರು. ನಾನೇ ನಂಬಿದ್ದೆ. ಅಷ್ಟು ಕೇಳಿದ ಮೇಲೂ ನನ್ನ ಕಣ್ಣು ಒಲೆಯ ಕಡೆಗೇ ಹೋದಾಗ ಅದು ನನಗೆ ತಿಳಿಯಿತು.

ಮಾಗ್ದಾ ನಮ್ಮಿಬ್ಬರ ಮುಖ ನೋಡುತ್ತಿದ್ದಳು. "ನಾನು ಏನು ತಪ್ಪು ಮಾಡಿದೆ?"

"ನೀನ್ಯಾಕಮ್ಮ ತಣ್ಣಗೆ ಮಾಡ್ದೆ ಅವನಿಗೆ?" ಅತ್ತೆ ಮೆತ್ತಗೆ ಕೇಳಿದರು.

"ಸೆಕೆ ಬಹಳ ಇತ್ತು. ಅವರಿಗೂ ಆಗುತ್ತಿರಬಹುದು ಎಂದು."

ಅತ್ತೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನೋಡೇ ಚಿಹಾರು. ಇಷ್ಟು ಬೇಸಿಗೆ ಕಳೀತು. ನಾವಿಬ್ರೂ ಮುಚ್ಚಳಕ್ಕೆ ಬಡಿಸಿದ್ವಿ. ಅವನಿಗೆ ಅಂತ ಬಡಿಸಿದೋಳು ಇವಳೊಬ್ಳೇ." ಹಾಗೆಂದು ಅವರು ಆ ಸಾರನ್ನು ಕೊನೆಯ ಹನಿಯವರೆಗೂ ಕುಡಿದರು, ಅಳುತ್ತಲೇ ಕುಡಿದರು.

ಮರುದಿನ ಅತ್ತೆ ಮಾಗ್ದಾಳ ಕೈಗೆ ಎರಡು ಸೌತೆಕಾಯಿ ಕೊಟ್ಟು ಕಡ್ಡಿ ಚುಚ್ಚಿ ಕುದುರೆ ಮಾಡಲು ಹೇಳಿದರು. ಸತ್ತವರು ಹಬ್ಬಕ್ಕೆ ಆ ಕುದುರೆಯ ಮೇಲೆಯೇ ಮನೆಗೆ ಬರುವುದು. ಒಂದು ಎಂದೋ ತೀರಿಹೋದ ನನ್ನ ಮಾವನಿಗೆ. ಎರಡನೆಯದು ಯಾರಿಗೆಂದು ಹುಡುಗಿ ಕೇಳಿದಳು. ಮುಚ್ಚಳದ ಹನಿಗೆ ಏನು ಅರ್ಥವೆಂದು ಹಿಂದಿನ ರಾತ್ರಿ ನಾನೇ ಅವಳಿಗೆ ಹೇಳಿದ್ದೆ. ಕೇಳಿದವಳಿಗೆ ತಾನೇ ಅರ್ಥವಾಗಿ ಸೌತೆಕಾಯಿ ಕೈಯಿಂದ ಜಾರಿತು.

"ನನ್ನಿಂದ ಅವರು ಸತ್ತರು," ಎಂದು ನೆಲದ ಮೇಲೆ ಕುಸಿದು ಬಿಕ್ಕಿದಳು.

"ಸುಮ್ನಿರೇ ಹುಚ್ಚಿ. ಅಷ್ಟು ದೊಡ್ಡ ಕಡಲಿರುವಾಗ ನಿನ್ನ ಸಾರು ಬೇಕಿತ್ತಾ ಅವನಿಗೆ?" ಅತ್ತೆ ಅವಳ ತಲೆ ಸವರಿದರು. "ಎದ್ದೇಳು. ಕಾಲು ಗಟ್ಟಿಯಾಗಿ ಚುಚ್ಚು, ದೂರದಿಂದ ಬರಬೇಕು ಅವನು."

ಸಂಜೆ ಬರುವವರಿಗೆ ದಾರಿ ಕಾಣಲೆಂದು ಬಾಗಿಲ ಮುಂದೆ ಸೆಣಬಿನ ಕಡ್ಡಿಗಳ ಬೆಂಕಿ ಹಚ್ಚಿದೆವು. ಬೀದಿಯುದ್ದಕ್ಕೂ ಎಲ್ಲರ ಮನೆಯ ಮುಂದೂ ಅಂಥದೇ ಬೆಂಕಿ. ನಮ್ಮ ಬಾಗಿಲಲ್ಲಿ ಎರಡು ಕುದುರೆ ಕಂಡು ಎದುರು ಮನೆಯವರು ಮಾತು ನಿಲ್ಲಿಸಿ ತಲೆ ತಗ್ಗಿಸಿದರು.

"ಬಂದ್ರಾ," ಎಂದು ಅತ್ತೆ ಮಾವನಿಗೆ ಹೇಳಿದರು. ಆಮೇಲೆ ಎರಡನೆಯ ಕುದುರೆಯತ್ತ ಬಾಗಿ, "ಬಂದ್ಯಾ ಮಗನೇ," ಎಂದರು.

ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಮಾಗ್ದಾಳೂ ಅವರನ್ನು ನೋಡಿ ಸರಿದಳು. ಬಾಗಿಲ ನಡುವೆ ಉಳಿದವಳು ನಾನು. ಶುಂಜಿ ಬಂದ ದಿನ ಹೀಗೆ ಬೈಯಬೇಕು, ಹಾಗೆ ಬೈಯಬೇಕು ಎಂದು ಮೂರು ವರ್ಷ ಕೂಡಿಟ್ಟ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ನಾನು ಸರಿದರೆ ಅವರು ಸತ್ತವರಾಗಿ ಒಳಗೆ ಬರುತ್ತಾರೆ. ಎರಡೂ ಕೈಗಳಿಂದ ಚೌಕಟ್ಟನ್ನು ಹಿಡಿದು ನಿಂತುಬಿಟ್ಟೆ. ಬೆಂಕಿ ಸಣ್ಣದಾಗುತ್ತಿತ್ತು.

ಅತ್ತೆ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ದಾರಿ ಬಿಡು ಮಗಳೇ," ಎಂದರು. "ದಣಿದು ಬಂದಿದ್ದಾನೆ."