ಸಲಹೆಗಾರನ ಕಾಲು

ಟೀವಿಯಲ್ಲಿ ಮಂತ್ರಿಗಳು ಮತ್ತದೇ ಹಾಡು ಹಾಡುತ್ತಿದ್ದರು. ಪರದೇಶದ ಆ ಯುದ್ಧಕ್ಕೂ ನಮಗೂ ಸಂಬಂಧವಿಲ್ಲ, ನಮ್ಮ ಸೈನಿಕರು ಹೋಗಿದ್ದು ಬರೀ ಸಲಹೆ ಕೊಡಲು, ಒಬ್ಬರೂ ಬಂದೂಕು ಎತ್ತಿಲ್ಲವಂತೆ. ಭೀಮೇಶ ಟೀವಿ ಆರಿಸಿದ. ಸಲಹೆ ಕೊಡಲು ಹೋಗಿ ಕಾಲು ಮುರಿದುಕೊಂಡು ಬಂದವನೆಂದು ಅವನೂರು ಮೊರಬದ ಕಟ್ಟೆಯ ಮೇಲೆ ಅವನನ್ನು ಆಡಿಕೊಳ್ಳದವರೇ ಇರಲಿಲ್ಲ. ಅಲ್ಲಿ ನಡೆದದ್ದನ್ನು ಬಾಯಿ ಬಿಟ್ಟರೆ ನೌಕರಿಯೂ ಹೋಗುತ್ತದೆ, ಪಿಂಚಣಿಯೂ ಹೋಗುತ್ತದೆ ಎಂದು ಸೈನ್ಯದ ಸಾಹೇಬರು ಸಹಿ ಮಾಡಿಸಿಕೊಂಡಿದ್ದರು.

ಅಂದು ಮಧ್ಯಾಹ್ನ ಮಿಶ್ರಿಕೋಟಿಯಿಂದ ಗೌರಕ್ಕ ಬಂದಳು. ಅವಳ ಮಗ ಸಿದ್ಧಾರೂಢ ಭೀಮೇಶನ ಜೊತೆಗೇ ಹೋಗಿ ಅಲ್ಲೇ ಸತ್ತವನು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟಳು. ಆಮೇಲೆ ಭೀಮೇಶನ ಹೆಂಡತಿ ರಾಜೇಶ್ವರಿಯನ್ನು ಕರೆದು ಕುಬಸಕ್ಕೆ ಕಣದ ಬಟ್ಟೆ, ತೆಂಗಿನಕಾಯಿ ಹೊರಗೆ ತೆಗೆದಳು.

"ಸೆರಗ ಒಡ್ಡವ್ವಾ, ಉಡಿ ತುಂಬತೀನಿ. ನನ್ನ ಮಗನ ತಪ್ಪ ಹೊಟ್ಟ್ಯಾಗ ಹಾಕ್ಕೊರಿ."

"ಎಂಥಾ ತಪ್ಪರಿ, ಯವ್ವಾ?" ಭೀಮೇಶ ಬೆಚ್ಚಿದ.

"ಸರ್ಕಾರದ ಕಾಗದದಾಗ ಬರದಾರಲ್ಲಪಾ. ಜೀಪ ಜೋರ ಹೊಡದು ಪಲ್ಟಿ ಮಾಡಿದ, ತಾನೂ ಸತ್ತ, ನಿನ್ನ ಕಾಲೂ ಮುರದ ಅಂತ. ಊರಾಗ ಟ್ರ್ಯಾಕ್ಟರ್ ಮುಟ್ಟಾಕೂ ಅಂಜತಿದ್ದ. ಅಲ್ಲಿ ಹೋಗಿ ಯಾಕ ಕಲಿತನೋ ಖೋಡಿ! ದಿನಾ ಅವನ ಫೋಟೋದ ಮುಂದ ನಿಂತು ಬೈತೀನಿ."

ರಾಜೇಶ್ವರಿ ಸೆರಗು ಒಡ್ಡಿಕೊಂಡೇ ಗಂಡನ ಮುಖ ನೋಡುತ್ತಿದ್ದಳು. ಪಿಂಚಣಿ ಹೋದರೆ ಇವಳ ಗತಿಯೇನು ಎಂದು ಭೀಮೇಶ ಯೋಚಿಸಿದ. ಆದರೆ ಆ ಕಾಯಿ ಈ ಸೆರಗಿಗೆ ಬಿದ್ದರೆ, ಸಿದ್ಧಾರೂಢ ತಪ್ಪು ಮಾಡಿದ್ದು ಖರೆ ಎಂದು ತಾನೇ ಒಪ್ಪಿಕೊಂಡಂತೆ. ಗುಟ್ಟು ಕಾಯುವುದು ಬೇರೆ, ಸತ್ತವನ ತಲೆಗೆ ತಪ್ಪು ಕಟ್ಟುವುದು ಬೇರೆ.

"ತಡೀರಿ!" ಎಂದವನೇ ಪಾಯಜಾಮ ಮೇಲೆತ್ತಿ ಮೀನಖಂಡ ತೋರಿಸಿದ. "ಇದು ಗುಂಡಿನ ಗಾಯರಿ. ಅಲ್ಲಿ ಜೀಪೂ ಇರಲಿಲ್ಲ, ಏನೂ ಇರಲಿಲ್ಲ. ನಾವೂ ಯುದ್ಧಾ ಮಾಡೀವಿ. ನಾ ಬಿದ್ದಾಗ ನಿಮ್ಮ ಮಗ ನನ್ನನ್ನ ತನ್ನ ಹೆಗಲ ಮ್ಯಾಲೆ ಹೊತ್ತು ಓಡಿದ. ಇಳಿಸಿದ ಮ್ಯಾಲೆ ಗೊತ್ತಾತು, ಅವನ ಹೊಟ್ಟಿಗೂ ಗುಂಡ ಬಡದಿತ್ತು."

ಕಾಯಿ ಹಿಡಿದ ಕೈ ಅಲ್ಲೇ ನಿಂತಿತು.

"ಎರಡ ತಿಂಗಳ ಬೈದೀನಲ್ಲೋ, ನನ್ನಪ್ಪಾ!" ಗೌರಕ್ಕ ಎದೆ ಬಡಿದುಕೊಂಡು ಅತ್ತಳು. ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು, "ಇದನ್ನ ಸರ್ಕಾರ ಹೇಳೂದಿಲ್ಲೇನು?"

"ಹೇಳೂದಿಲ್ರಿ."

"ಹಂಗಾದ್ರ ನೀ ಏಳು. ಈ ಕಾಯಿ ಅವನ ಫೋಟೋದ ಮುಂದ ಒಡೀತೀನಿ. ನಾಕ ಮಂದೀನ್ನ ಕರಸ್ತೀನಿ, ಎಲ್ಲಾರ ಮುಂದ ಹೇಳು."

ಭೀಮೇಶ ಹೆಂಡತಿಯ ಕಡೆ ನೋಡಿದ. ರಾಜೇಶ್ವರಿ ಖಾಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆಗೆ ಒರಗಿಸಿದ್ದ ಊರುಗೋಲು ತಂದು ಅವನ ಕೈಗೆ ಕೊಟ್ಟಳು.

"ನಾಕ ಗಂಟೇಕ ಹುಬ್ಬಳ್ಳಿ ಬಸ್ಸೈತಿ, ಅಲ್ಲಿಂದ ಮಿಶ್ರಿಕೋಟಿಗೆ ಹೋಗೂಣು," ಅಂದಳು. "ನಡೀರಿ, ನಾನೂ ಬರ್ತೀನಿ."