ಕೆಂಪು ಬೊಟ್ಟಿನ ಹಲಗೆ

ಟಣ್ ಅಂದಿತು, ದಪ್ ಅನ್ನಲಿಲ್ಲ, ಹಾಗಾದರೆ ಅವಳ ಕಾಲಡಿ ಇರುವುದು ಗಟ್ಟಿ ಹಲಗೆಯೇ, ಇನ್ನೊಂದು ಹೆಜ್ಜೆ ಈ ಕಡೆ ಬಾರಮ್ಮ, ಇದನ್ನೂ ಒಮ್ಮೆ ಮೆಟ್ಟು, ಕೇಳೋಣ — ಈ ಡ್ಯಾನ್ಸಿನವಳು ಸ್ಪೇನ್ ದೇಶದವಳಂತೆ, ಎತ್ತಿಗೆ ಲಾಳ ಹೊಡೆದ ಹಾಗೆ ಬೂಟಿನ ಹಿಮ್ಮಡಿಗೆ ಮೊಳೆ ಹೊಡೆಸಿಕೊಂಡಿದ್ದಾಳೆ, ಸದ್ದು ಚೆನ್ನಾಗಿ ಏಳಲಿ ಅಂತ ಸ್ಟೇಜಿನ ಜಮಖಾನವನ್ನೇ ತೆಗೆಸಿಬಿಟ್ಟಳು, ಆಗ ನಮ್ಮ ಮನೆಯವರ ಮುಖ ನೋಡಬೇಕಿತ್ತು, ಬೇಡ ಮೇಡಂ, ಇರ್ಲಿ, ನೋಡಕ್ಕೆ ಚೆಂದ, ಎರಡು ಸಲ ಹೇಳಿದರು, ಯಾಕೆ ಹೇಳಿದರು? ಶಿಡ್ಲಘಟ್ಟದಲ್ಲಿ ಮದುವೆಯಾಗಲಿ ಭಾಷಣವಾಗಲಿ ಸ್ಟೇಜು ಕಟ್ಟುವುದು ಮುಖ್ತಾರ್ ಶಾಮಿಯಾನದವರೇ, ಅವರ ಹೆಂಡತಿ ರಹಮತುನ್ನೀಸಾ ನಾನು, ಸ್ಟೇಜಿನ ಪಕ್ಕ ಮಡಚಿಟ್ಟ ಬಟ್ಟೆಯ ಗಂಟುಗಳ ಮೇಲೆ ಕೂತು, ಡ್ಯಾನ್ಸು ನೋಡುವುದು ಬಿಟ್ಟು ಹಲಗೆ ನೋಡುತ್ತಿದ್ದೇನೆ. ಹೋದ ತಿಂಗಳು ಮುರುಗಮಲ್ಲದ ಮದುವೆಯಲ್ಲಿ ದುಲ್ಹನ್ ಹುಡುಗಿಯ ಕುರ್ಚಿಯ ಕಾಲು ನಮ್ಮ ಸ್ಟೇಜಿನ ಒಂದು ಹಲಗೆಯೊಳಗೆ ಇಳಿದುಹೋಯಿತು, ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ, ಮನೆಯಲ್ಲಿ ಬೆರಳಿಟ್ಟು ನೋಡಿದರೆ ಒಳಗೆಲ್ಲ ಗೆದ್ದಲು, ಮಗಳ ಉಗುರುಬಣ್ಣ ತಂದು ರೂಪಾಯಿಯಗಲ ಕೆಂಪು ಬೊಟ್ಟಿಟ್ಟೆ, ಇದನ್ನ ಒಲೆಗೆ ಹಾಕಿ ಅಂದೆ. ನಿನ್ನೆ ಕೇಳಿದರೆ, ತೆಗೆದಿದೀನಿ ಕಣೇ, ಕಸಮ್, ನಿನಗೆ ಕುಡಿಯೋ ನೀರಿನ ಮೇಲೂ ಶಕ್ಕು, ಅಂತ ರೇಗಿದರು, ನನ್ನ ಮುಖ ನೋಡಲಿಲ್ಲ, ಚಪ್ಪಲಿ ಹುಡುಕುತ್ತಿದ್ದರು, ಚಪ್ಪಲಿ ಕಾಲಲ್ಲೇ ಇತ್ತು.

ಈಗ ಅನಸೂಯಮ್ಮ ಟೀಚರ ಹುಡುಗಿಯರು, ನಾಲ್ಕು ಜೊತೆ ಗೆಜ್ಜೆ, ತೈಯ ತೈ, ಎಳೆ ಅಂಗಾಲುಗಳು ನಟ್ಟನಡುವೆ ಬಿಸಿರೊಟ್ಟಿ ತಟ್ಟಿದ ಹಾಗೆ ಬೀಳುತ್ತಿವೆ, ಒಂದೊಂದೇ ಹಲಗೆ ಹುಡುಕಿದೆ, ಬೊಟ್ಟು ಇಲ್ಲ, ಎಲ್ಲೂ ಇಲ್ಲ — ಛೆ, ಎಪ್ಪತ್ತೈದರಲ್ಲಿ ನಿಖಾ ಆಯಿತು, ಹದಿನೇಳು ವರ್ಷ ಒಂದೇ ತಟ್ಟೆಯಲ್ಲಿ ಉಂಡವರನ್ನು ಕಳ್ಳನ ಹಾಗೆ ಕಾಯುತ್ತಿದ್ದೇನಲ್ಲ, ನನ್ನ ಕಣ್ಣಿಗೇ ಹುಳ ಬಿದ್ದಿರಬೇಕು. ಏನಕ್ಕ ಕಾಲಡಿನೇ ನೋಡ್ತಾ ಇದೀಯ, ಉಂಗುರ ಬಿತ್ತಾ? ಓಬಳಮ್ಮ ಮೊಣಕೈಯಲ್ಲಿ ತಿವಿದಳು, ರೇಷ್ಮೆ ಬಿಚ್ಚುವ ಫಿಲೇಚರಿನಲ್ಲಿ ಗೂಡು ಬೇಯುವ ನೀರಿಗೆ ನನ್ನ ಜೊತೆ ಕೈ ಹಾಕಿದವಳು, ಇಬ್ಬರ ಬೆರಳ ತುದಿಯೂ ಒಂದೇ ಥರ ಬಿಳುಚಿವೆ, ಅವಳ ಗಂಡ ಮುನಿಗಂಗಪ್ಪ ಅಲ್ಲಿ ಹುಲ್ಲಿನ ಬೆಂಕಿಗೆ ತಮಟೆ ಹಿಡಿದಿದ್ದಾನೆ, ಬೆಳಗ್ಗೆಯಿಂದ ಮಂಡಿನೋವು ಅಂತ ಎಣ್ಣೆ ತಿಕ್ಕಿಸ್ಕೊಂಡ ಕಣಕ್ಕ, ತಮಟೆ ಕಾಯ್ಲಿ ಇರು, ಹೆಂಗೆ ಎಗರ್ತಾನೆ ನೋಡು ನಮ್ ಮುದುಕ!

ಕೊನೆಗೆ ಎಲ್ಲರೂ ಒಟ್ಟಿಗೆ, ಮೊಳೆಯ ಬೂಟೂ ಗೆಜ್ಜೆಯೂ ತಮಟೆಯೂ ಒಂದೇ ಸ್ಟೇಜಿನ ಮೇಲೆ, ಸಫಾರಿ ಹಾಕಿದ ಉತ್ಸವ ಕಮಿಟಿಯವನು ಕೈ ಬೀಸುತ್ತಿದ್ದಾನೆ, ತಮಟೆಯೋರು ಎಡಗಡೆ ಮೂಲೆಗೆ ಹೋಗ್ರಪ್ಪಾ, ಮೂಲೆಯಲ್ಲಿದ್ದ ಸ್ಪೀಕರ್ ಡಬ್ಬವನ್ನು ಇಬ್ಬರು ಎತ್ತಿ ಕೆಳಗಿಟ್ಟರು, ಅದರ ಅಡಿಯಲ್ಲಿ ಕೆಂಪು ಬೊಟ್ಟು. ಸುಳ್ಳು ಹೇಳಿಲ್ಲ, ತೆಗೆದಿದ್ದಾರೆ, ನಡುವಿನಿಂದ ತೆಗೆದು ಮೂಲೆಗೆ ಹೊಡೆದಿದ್ದಾರೆ — ಬೆಳಗ್ಗೆ ಈ ಸಫಾರಿಯವನಿಗೆ ಟೀ ಕೊಟ್ಟವಳು ನಾನೇ, ತಮಟೆಯೋರನ್ನ ಎಡಮೂಲೆಗೆ ಹಾಕಣ ಸಾಬ್ರೇ ಅಂದ, ಆಗ್ಲಿ ಸಾರ್ ಅಂದರು ಇವರು, ಲೋಟ ಕೆಳಗಿಟ್ಟರು, ಆಮೇಲೆ ಸುತ್ತಿಗೆ ಎತ್ತಿಕೊಂಡರು. ಆಮೇಲೆ ಎತ್ತಿಕೊಂಡರು. ಓಬಳಮ್ಮ ಚಪ್ಪಾಳೆ ತಟ್ಟುತ್ತಿದ್ದಾಳೆ, ನನ್ನ ತೊಡೆಯ ಮೇಲೂ ತಟ್ಟುತ್ತಿದ್ದಾಳೆ, ನೋಡಕ್ಕ ನೋಡು, ಎದ್ದು ನಿಂತೆ, ಮುನಿಗಂಗಣ್ಣಾ, ಆ ಕಡೆ ಬ್ಯಾಡ, ಇಳಿ, ಇಳಿಯಣ್ಣಾ, ನನ್ನ ಕೂಗು ನನಗೇ ಕೇಳಿಸದು, ಬೂಟು ಗೆಜ್ಜೆ ತಮಟೆ ಸೇರಿ ನುಂಗಿಬಿಟ್ಟವು, ಜನರೇಟರಿನ ಪಕ್ಕ ಇವರು ನಿಂತಿದ್ದಾರೆ, ಸಾವಿರ ಜನ ಸ್ಟೇಜಿನ ನಡುವೆ ನೋಡುತ್ತಿದ್ದರೆ ಇವರೊಬ್ಬರು ನಾನು ನೋಡುತ್ತಿರುವುದನ್ನೇ ನೋಡುತ್ತಿದ್ದಾರೆ, ಮುದುಕ ತಮಟೆಯನ್ನು ತಲೆಯ ಮೇಲೆತ್ತಿ ನೆಗೆದ, ಮೇಲೆ ಎಣ್ಣೆ ಹಚ್ಚಿದ ಮಂಡಿ, ಒಡೆದ ಹಿಮ್ಮಡಿ, ಕೆಳಗೆ ಕೆಂಪು ಬೊಟ್ಟು, ಹಿಮ್ಮಡಿ, ಕೆಂಪು ಬೊಟ್ಟು